ವೇಲ್ಸ್‌ನ ಹುಲ್ಲುಗಾವಲಲ್ಲೊಂದು ಕಂದಕ: ಹೆನ್ ಗುರ್ಟ್

ಕಂದಕ ಅಂದ ಕೂಡಲೇ ನಮಗೆ ನೆನಪಾಗುವುದು ಶ್ರೀರಂಗಪಟ್ಟಣದ ಕೋಟೆ. ಈ ಪಾಠಕ್ಕೆ ಆ ಚಿತ್ರವನ್ನು ಬದಿಗಿಡಿ. ಮಧ್ಯಯುಗದ ವೇಲ್ಸ್‌ನ ತಗ್ಗು ಪ್ರದೇಶಗಳಲ್ಲಿ, ಅದರಲ್ಲೂ ಇಂಗ್ಲೆಂಡಿನ ಗಡಿಯ ಕಡೆ, ಜಮೀನ್ದಾರರೂ ಚರ್ಚಿನವರೂ ಮನೆ ಸುತ್ತ ಕಂದಕ ತೋಡಿಸುತ್ತಿದ್ದರು. ಹೆಚ್ಚಿನವು 1250–1350ರ ಆಸುಪಾಸಿನವು.

ಮಾನ್‌ಮತ್‌ಶೈರ್‌ನ ಹೆನ್ ಗುರ್ಟ್ ಅಂಥದ್ದೊಂದು. ಹೆನ್ ಅಂದರೆ ಕೋಳಿಯಲ್ಲ, ವೆಲ್ಷ್‌ನಲ್ಲಿ ‘ಹಳೆಯ’. ಕುರ್ಟ್ ಅಂದರೆ ದೊಡ್ಡಮನೆ. ಎರಡೂ ಕೂಡಿದಾಗ ‘ಕ’ ಹೋಗಿ ‘ಗ’ ಬಂತು. ಮಳೆಗಾಲ ನೆನಪಾಯಿತೇ? ನಮ್ಮ ಆದೇಶ ಸಂಧಿಯ ದೂರದ ನೆಂಟನಂತಿದೆ! ಇಲ್ಲೀಗ ಉಳಿದಿರುವುದು ಆಯತಾಕಾರದ ಹುಲ್ಲಿನ ದ್ವೀಪ, ಸುತ್ತ ನೀರು. ಮನೆ ಮಾತ್ರ ಇಲ್ಲ.

ಇಷ್ಟು ಕಷ್ಟಪಟ್ಟು ತೋಡಿದ್ದು ಯಾಕೆ? ಒಂದು ಲೆಕ್ಕ ಹಾಕೋಣ (ಅಳತೆಗಳು ಬರೀ ಉದಾಹರಣೆಗೆ, ಹೆನ್ ಗುರ್ಟ್‌ನವಲ್ಲ). ದ್ವೀಪ 40 ಮೀಟರ್ ಚೌಕ. ಕಂದಕ ಮೇಲೆ 8 ಮೀಟರ್ ಅಗಲ, ತಳದಲ್ಲಿ 2.5, ಆಳ 1.5. ತೋಡಿದ ಮಣ್ಣು ಸುಮಾರು 1,500 ಘನ ಮೀಟರ್. ಅದನ್ನೆಲ್ಲ ದ್ವೀಪದ ಮೇಲೆ ಹರಡಿದರೆ ನೆಲ 90 ಸೆಂಟಿಮೀಟರ್‌ಗಿಂತ ಹೆಚ್ಚು ಏರುತ್ತದೆ. ಮಳೆನೀರು ಇಂಗದ ಜೇಡಿನೆಲದಲ್ಲಿ ಮನೆಯ ಅಡಿಪಾಯ ಒಣಗಿರಬೇಕಾದರೆ ಇದು ಸಣ್ಣ ಲಾಭವಲ್ಲ. ಅದೇ ಜೇಡಿಯಿಂದಾಗಿ ಕಂದಕದ ನೀರೂ ನಿಲ್ಲುತ್ತದೆ. ಮೀನು ಸಾಕಬಹುದು, ದನ, ಕಳ್ಳರು ಸುಲಭವಾಗಿ ಒಳಗೆ ಬರಲಾರರು. ಆದರೆ ಸೈನ್ಯ ಬಂದರೆ ಇಷ್ಟು ನೀರು ಏನನ್ನೂ ತಡೆಯದು.

ನನ್ನ ಮಟ್ಟಿಗೆ ದೊಡ್ಡ ಕಾರಣ ಠೀವಿ. ಇಂಗ್ಲಿಷರ ವಿರುದ್ಧ ದಂಗೆ ಎದ್ದ ವೆಲ್ಷ್ ನಾಯಕ ಓವೈನ್ ಗ್ಲಿನ್‌ಡೂರ್‌ನ ಸಿಖಾರ್ತ್ ಮನೆಯನ್ನು ಹೊಗಳಿದ ಕವಿ ಯೋಲೊ ಗೋಖ್ ಕಂದಕದ ಜತೆಗೆ ಮೀನಿನ ಕೊಳ, ಪಾರಿವಾಳದ ಗೂಡು, ಗಿರಣಿಗಳನ್ನೂ ಎಣಿಸುತ್ತಾನೆ. ಅಂದರೆ ಕಂದಕವೂ ಸಿರಿವಂತಿಕೆಯ ಪಟ್ಟಿಯಲ್ಲೇ ಇತ್ತು. 1403ರಲ್ಲಿ ಇಂಗ್ಲಿಷರು ಬಂದಾಗ ಸಿಖಾರ್ತ್ ಸುಟ್ಟುಹೋಯಿತು.

ಹೆನ್ ಗುರ್ಟ್ ಮಧ್ಯಯುಗದಲ್ಲಿ ಲಾಂಡಾಫ್ ಬಿಷಪ್ಪರದಾಗಿತ್ತು. 16–17ನೇ ಶತಮಾನದಲ್ಲಿ ದ್ವೀಪದ ಮೇಲೆ ರಾಗ್ಲನ್ ಕೋಟೆಯ ಒಡೆಯರ ಬೇಟೆಮನೆಯಿತ್ತು. ಅಜಿನ್‌ಕೂರ್ ಯುದ್ಧದಲ್ಲಿ (1415) ಸತ್ತ ವೆಲ್ಷ್ ಯೋಧ ದಾವಿದ್ ಗಾಮ್ ಇಲ್ಲಿದ್ದನೆಂಬುದು ಐತಿಹ್ಯ. ಪರೀಕ್ಷೆಯಲ್ಲಿ ಅದನ್ನು ಐತಿಹ್ಯವೆಂದೇ ಬರೆಯಿರಿ.

ಇಂಥ ಜಾಗ ಹುಡುಕಲು ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್ನನ್ಸ್ ಸರ್ವೆಯ ನಕ್ಷೆ ತೆಗೆಯಿರಿ. ‘ಮೋಟ್’ (moat, ಅಂದರೆ ಕಂದಕ) ಎಂಬ ಪದ ಹಳೇ ಗಾಥಿಕ್ ಅಕ್ಷರದಲ್ಲಿದ್ದರೆ ಅದು ಪುರಾತನ ಅವಶೇಷ. ನೀರು ಬತ್ತಿದ್ದರೆ ಸಂಜೆಯ ಓರೆ ಬಿಸಿಲಲ್ಲಿ ನೋಡಬೇಕು; ನಡುಹಗಲು ಬರೀ ಹುಲ್ಲು ಕಾಣುತ್ತದೆ, ಸಂಜೆ ಆ ತಗ್ಗಿನ ನಾಲ್ಕೂ ಮೂಲೆಗೆ ನೆರಳು ಬೀಳುತ್ತದೆ.