ನೆಲದ ಗೆರೆಯನ್ನು ಮೇಲಕ್ಕೆ ಎಳೆದವರು

ಹುಲ್ಲಿನ ಚಿತ್ರ ಬರೆಯಿರಿ ಅಂದರೆ ನಾವೆಲ್ಲ ಏನು ಮಾಡುತ್ತೇವೆ? ಹಾಳೆಯ ತಳದಲ್ಲಿ ಒಂದು ಅಡ್ಡಗೆರೆ, ಅದರ ಮೇಲೆ ನಾಲ್ಕು ಹಸಿರು ಗೀಟು. ಮುಗೀತು. ಬೇರು ಬರೆಯಬೇಕು ಅಂತ ಹೊಳೆಯುವುದೇ ಇಲ್ಲ. ಹೊಳೆದರೂ ಗೆರೆಯ ಕೆಳಗೆ ಜಾಗ ಉಳಿದಿರುವುದಿಲ್ಲ.

ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಜಾನ್ ಅರ್ನೆಸ್ಟ್ ವೀವರ್ ಆ ಗೆರೆಯನ್ನು ಹಾಳೆಯ ಮೇಲ್ಭಾಗಕ್ಕೆ ಒಯ್ದರು. ಹುಲ್ಲಿನ ಗರಿಗಳಿಗೆ ಒಂಚೂರು ಜಾಗ, ಮಿಕ್ಕಿದ್ದೆಲ್ಲ ಬೇರಿಗೆ. 1919 ಮತ್ತು 1920ರಲ್ಲಿ ಅಚ್ಚಾದ ಆ ಕಪ್ಪು ಬಿಳುಪಿನ ಚಿತ್ರಗಳನ್ನು ನೋಡುತ್ತ ಕೂತರೆ ಹೊತ್ತು ಹೋಗುವುದು ಗೊತ್ತಾಗುವುದಿಲ್ಲ. ಅವು ಸಂಶೋಧನೆಗಾಗಿ ಬರೆದ ಚಿತ್ರಗಳು, ನಿಜ. ಆದರೂ ಪ್ರೇರಿ ಎಂಬ ಹುಲ್ಲುಗಾವಲನ್ನು ಕುರಿತ ಕಲೆಯಲ್ಲಿ ನನಗೆ ತೀರಾ ಇಷ್ಟವಾದದ್ದು ಇವೇ.

ಎತ್ತರದ ಹುಲ್ಲಿನ ಪ್ರೇರಿ ಒಂದು ಕಾಲಕ್ಕೆ ಕೆನಡಾದ ಮ್ಯಾನಿಟೋಬಾದಿಂದ ಟೆಕ್ಸಾಸ್‌ವರೆಗೆ ಹರಡಿತ್ತು. ಸುಮಾರು 17 ಕೋಟಿ ಎಕರೆ. ಅಲ್ಲಿನ ರಾಜ ಅಂದರೆ ಬಿಗ್ ಬ್ಲೂಸ್ಟೆಮ್. ಮಳೆ ಚೆನ್ನಾಗಿದ್ದರೆ ಆಳೆತ್ತರ ದಾಟಿ ಬೆಳೆಯುತ್ತದೆ. ತೆನೆ ಮೂರು ಕವಲಾಗಿ ಒಡೆಯುವುದರಿಂದ ಅಲ್ಲಿಯವರು ಅದನ್ನು 'ಟರ್ಕಿ ಕೋಳಿಯ ಕಾಲು' ಅಂತಲೂ ಕರೆಯುತ್ತಾರೆ. ಪಕ್ಕದಲ್ಲೇ ಇಂಡಿಯನ್ ಗ್ರಾಸ್. ಈ ಇಂಡಿಯನ್ ನಾವಲ್ಲ, ಅಲ್ಲಿನ ಮೂಲನಿವಾಸಿಗಳು. ಆದರೆ ಅದರ ಶಾಸ್ತ್ರೀಯ ಹೆಸರು ಸೋರ್ಗಾಸ್ಟ್ರಮ್, ಅಂದರೆ ಜೋಳದ ಹಾಗೆ ಕಾಣುವುದು! ಹೋಲಿಕೆ ಸುಮ್ನೆ ಬಂದದ್ದಲ್ಲ. ಈ ಎರಡು ಹುಲ್ಲುಗಳು, ನಮ್ಮ ಜೋಳ, ಕಬ್ಬು, ಮೆಕ್ಕೆಜೋಳ, ಲಾವಂಚ ಎಲ್ಲವೂ ಒಂದೇ ಬಳಗ.

ಇಂಥ ಜಾಗವನ್ನು ಚಿತ್ರ ಬರೆಯುವವರು ಮೊದಮೊದಲು ಹೇಗೆ ನೋಡಿದರು? ಬಹಳ ಕಷ್ಟಪಟ್ಟರು. ಬೆಟ್ಟ ಇಲ್ಲ, ಜಲಪಾತ ಇಲ್ಲ, ಚೌಕಟ್ಟಿನಂತೆ ನಿಲ್ಲುವ ಮರವೂ ಇಲ್ಲ. ಕಣ್ಣು ಎಲ್ಲಿ ನಿಲ್ಲಬೇಕು? ಇಂಗ್ಲೆಂಡಿನ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಕೂಡ 1842ರಲ್ಲಿ ಪ್ರೇರಿ ನೋಡಲೆಂದೇ ಇಲಿನಾಯ್ಸ್‌ಗೆ ಹೋಗಿ ನಿರಾಸೆಯಿಂದ ಮರಳಿದ್ದರು. ಅವರಿಗಿಂತ 10 ವರ್ಷ ಮೊದಲು ಮಿಸ್ಸೂರಿ ನದಿಯ ಮೇಲ್ಭಾಗಕ್ಕೆ ಹೋಗಿದ್ದ ಚಿತ್ರಕಾರ ಜಾರ್ಜ್ ಕ್ಯಾಟ್ಲಿನ್‌ಗೆ ಮಾತ್ರ ಆ ನೆಲ ಒಲಿಯಿತು. ಅವರ ಹಸಿರು ಗುಡ್ಡಗಳು ಮಖಮಲ್ಲು ಹಾಸಿದಂತೆ ನುಣುಪಾಗಿವೆ. ಬೆಂಕಿಯನ್ನೂ ಅವರು ಬರೆದರು. ಕಪ್ಪು ಹೊಗೆ, ಅದರ ಮುಂದೆ ಕುದುರೆ ಓಡಿಸುತ್ತಿರುವ ಜನ.

ನೋಡಿದವರಿಗೆ ಅದು ಪ್ರಳಯ. ಹುಲ್ಲಿಗೆ ಮಾತ್ರ ವರ್ಷದ ಸ್ನಾನ. ಪ್ರೇರಿ ಹುಲ್ಲಿನ ಚಿಗುರುವ ಮೊಗ್ಗುಗಳು ನೆಲಮಟ್ಟದಲ್ಲೋ ಅದರ ಸ್ವಲ್ಪ ಕೆಳಗೋ ಇರುತ್ತವೆ. ಬೆಂಕಿ ಮೇಲೆ ಹಾದುಹೋಗುತ್ತದೆ. ಹಳೆಯ ಒಣಹುಲ್ಲು ಸುಟ್ಟು ಹೋಗುತ್ತದೆ, ಕಪ್ಪಾದ ನೆಲ ಬಿಸಿಲಿಗೆ ಬೇಗ ಕಾಯುತ್ತದೆ, ಎಳೆ ಚಿಗುರು ನುಗ್ಗಿ ಬರುತ್ತದೆ. ಮೇಲೇಳಲು ನೋಡುತ್ತಿದ್ದ ಮರದ ಸಸಿಗಳು ಮಾತ್ರ ಸಾಯುತ್ತವೆ. ಮೂಲನಿವಾಸಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಬೇಕೆಂದೇ ಬೆಂಕಿ ಹಚ್ಚುತ್ತಿದ್ದರು. ಎಳೆ ಹುಲ್ಲಿಗೆ ಕಾಡೆಮ್ಮೆಯಂಥ ಬೈಸನ್‌ಗಳು ತಾವಾಗಿಯೇ ಬರುತ್ತಿದ್ದವು.

ಅಂದರೆ ಪ್ರೇರಿಯ ಜೀವ ಇರುವುದು ಕೆಳಗೆ. ಒಟ್ಟು ಸಸ್ಯರಾಶಿಯಲ್ಲಿ ಮೂರನೇ ಎರಡು ಭಾಗ ಅಥವಾ ಅದಕ್ಕೂ ಜಾಸ್ತಿ ಮಣ್ಣಿನೊಳಗಿದೆ. ವೀವರ್ ನೋಡಹೊರಟದ್ದು ಅದನ್ನೇ.

ಅವರ ಕೆಲಸ ಬಾವಿ ತೋಡುವವರ ಕೆಲಸದಂತೆ ಇತ್ತು. ಗಿಡದ ಪಕ್ಕದಲ್ಲಿ ಉದ್ದದ ಗುಂಡಿ ತೋಡುವುದು, ಒಳಗೆ ಇಳಿಯುವುದು, ಗುಂಡಿಯ ಗೋಡೆಯಿಂದ ಸಣ್ಣ ಗುದ್ದಲಿ, ಐಸ್ ಒಡೆಯುವ ಮೊನೆಗಳಿಂದ ಮಣ್ಣು ಬಿಡಿಸುತ್ತ ಒಂದೊಂದೇ ಬೇರನ್ನು ತುದಿಯವರೆಗೆ ಹಿಂಬಾಲಿಸುವುದು. ಬಿಡಿಸಿದಷ್ಟನ್ನು ಅಲ್ಲೇ ಅಳೆದು, ಅಲ್ಲೇ ಹಾಳೆಗೆ ಇಳಿಸುವುದು. ಬೇರು ಮುಗಿಯದಿದ್ದರೆ ಗುಂಡಿ ಇನ್ನೂ ಆಳ. ಬಿಗ್ ಬ್ಲೂಸ್ಟೆಮ್ 7 ಅಡಿ, ಕೆಲವೊಮ್ಮೆ 9 ಅಡಿ ಇಳಿದಿತ್ತು. ಸೂರ್ಯಕಾಂತಿಯ ಸಂಬಂಧಿ ಕಂಪಾಸ್ ಗಿಡದ ಬೇರು ಅದನ್ನೂ ಮೀರಿಸಿತ್ತು.

ಚಿತ್ರಗಳನ್ನು ಒಟ್ಟಿಗೆ ಇಟ್ಟಾಗ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಎಲ್ಲರೂ ಒಂದೇ ಆಳದಲ್ಲಿ ಇಲ್ಲ. ಕೆಲವು ಗಿಡಗಳು ಮೇಲಿನ ಎರಡಡಿಯಲ್ಲೇ ಬಲೆ ನೇಯುತ್ತವೆ. ಕೆಲವು ಅಲ್ಲಿ ಕೈಯನ್ನೇ ಚಾಚದೆ ನೇರ ಕೆಳಗೆ ಹೋಗುತ್ತವೆ. ಒಂದೇ ಕಟ್ಟಡದಲ್ಲಿ ಬೇರೆ ಬೇರೆ ಮಹಡಿಯ ಬಾಡಿಗೆದಾರರು ಇದ್ದ ಹಾಗೆ. ಒಂದು ಗೇಣು ಜಾಗದಲ್ಲಿ ಅಷ್ಟೊಂದು ಜಾತಿ ಹೇಗೆ ಬದುಕುತ್ತವೆ ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಆ ಚಿತ್ರದಲ್ಲೇ ಇದೆ. 1934ರ ಭೀಕರ ಬರ ಅದನ್ನು ಪರೀಕ್ಷೆ ಮಾಡಿ ತೋರಿಸಿತು. ಬೇರು ಕಡಿಮೆ ಆಳದ ಲಿಟಲ್ ಬ್ಲೂಸ್ಟೆಮ್ ದೊಡ್ಡ ಪ್ರಮಾಣದಲ್ಲಿ ಸತ್ತಿತು. ಆಳಕ್ಕೆ ಹೋದವು ಹೆಚ್ಚು ಉಳಿದವು.

ಹಳೆಯ ಬೇರುಗಳು ಸತ್ತು ಕೊಳೆತು, ಹೊಸವು ಹುಟ್ಟಿ, ಸಾವಿರಾರು ವರ್ಷ ಹೀಗೇ ನಡೆದು ಪ್ರೇರಿಯ ಮಣ್ಣು ಕಪ್ಪಾಯಿತು. ಅದೇ ಅದರ ಗ್ರಹಚಾರ. ಆ ಜಿಗುಟು ಮಣ್ಣು ಹಳೆಯ ನೇಗಿಲಿಗೆ ಅಂಟಿಕೊಳ್ಳುತ್ತಿತ್ತು. 1837ರಲ್ಲಿ ಇಲಿನಾಯ್ಸ್‌ನ ಕಮ್ಮಾರ ಜಾನ್ ಡೀರ್ ನುಣುಪು ಉಕ್ಕಿನ ನೇಗಿಲು ಮಾಡಿದರು. ಮಣ್ಣು ಜಾರಿತು, ಉಳುಮೆ ಸಲೀಸಾಯಿತು. ಲೆಡ್ ಪ್ಲಾಂಟ್ ಎಂಬ ಗಿಡಕ್ಕೆ ರೈತರು 'ಪ್ರೇರಿಯ ಶೂ ಲೇಸ್' ಅಂತ ಹೆಸರಿಟ್ಟಿದ್ದರು. ನೇಗಿಲಿಗೆ ಸಿಕ್ಕ ಅದರ ಗಟ್ಟಿ ಬೇರುಗಳು ಲೇಸು ಹರಿದಂತೆ ಪಟಪಟ ಸದ್ದು ಮಾಡುತ್ತಿದ್ದವಂತೆ. ಆ ಸದ್ದು ಈಗ ಎಲ್ಲಿ ಕೇಳಬೇಕು? ಎತ್ತರದ ಹುಲ್ಲಿನ ಪ್ರೇರಿ ಶೇ 4ಕ್ಕಿಂತ ಕಡಿಮೆ ಉಳಿದಿದೆ. 'ಪ್ರೇರಿ ರಾಜ್ಯ' ಎಂದೇ ಹೆಸರಾದ ಇಲಿನಾಯ್ಸ್‌ನಲ್ಲಿ ಹಾಳಾಗದೆ ಉಳಿದದ್ದು ಶೇ 0.01ರಷ್ಟು. ಅದೂ ಎಲ್ಲಿ? ರೈಲು ಹಳಿಗಳ ಪಕ್ಕದಲ್ಲಿ, ಹಳೆಯ ಸ್ಮಶಾನಗಳಲ್ಲಿ. ಗೋರಿಗಳ ನಡುವೆ ನೇಗಿಲು ಹೂಡುವವರು ಇಲ್ಲವಲ್ಲ.

ದೊಡ್ಡ ತುಂಡು ಉಳಿದದ್ದು ಕ್ಯಾನ್ಸಸ್‌ನ ಫ್ಲಿಂಟ್ ಬೆಟ್ಟಗಳಲ್ಲಿ. ಅಲ್ಲಿ ಸ್ವಲ್ಪ ಅಗೆದರೆ ಚಕಮಕಿ ಕಲ್ಲು, ನೇಗಿಲಿಗೆ ದಾರಿಯಿಲ್ಲ. 1996ರಲ್ಲಿ ಅಲ್ಲಿನ ಸುಮಾರು 11,000 ಎಕರೆ ರಾಷ್ಟ್ರೀಯ ಸಂರಕ್ಷಿತ ತಾಣವಾಯಿತು. ಮೇಲೆ ಕಾಣುವುದಷ್ಟನ್ನೇ ಲೆಕ್ಕ ಹಾಕಿದರೆ ಹುಲ್ಲುಗಾವಲು ಖಾಲಿ ಜಾಗದಂತೆ ಕಾಣುತ್ತದೆ. ನಮ್ಮ ಕಾವಲುಗಳನ್ನೂ ಬಂಜರು ಅಂತ ಬರೆದು ನೀಲಗಿರಿ ನೆಟ್ಟವರಿದ್ದಾರೆ, ಅಲ್ವಾ?

ಕ್ಯಾನ್ಸಸ್‌ನ ಛಾಯಾಗ್ರಾಹಕಿ ಟೆರ್ರಿ ಇವಾನ್ಸ್ 1978ರಿಂದ ಪ್ರೇರಿಯ ಚಿತ್ರ ತೆಗೆಯುತ್ತ ಬಂದಿದ್ದಾರೆ. ಅವರು ದಿಗಂತವನ್ನೇ ಬಿಟ್ಟರು. ಕ್ಯಾಮೆರಾವನ್ನು ನೇರ ಕೆಳಕ್ಕೆ, ಕಾಲಡಿಯ ನೆಲಕ್ಕೆ ತಿರುಗಿಸಿದರು. ಮುಂದೆ ವಿಮಾನದಿಂದಲೂ ತೆಗೆದರು. ಡಿಕನ್ಸ್‌ಗೆ ಏನೂ ಕಾಣದ ಕಡೆ ಇವರ ಚೌಕಟ್ಟಿನಲ್ಲಿ ಕಾಲಿಡಲು ಜಾಗವಿಲ್ಲ.

ಅದೇ ರಾಜ್ಯದ ಸಲೈನಾ ಊರಿನ ಲ್ಯಾಂಡ್ ಇನ್‌ಸ್ಟಿಟ್ಯೂಟ್‌ನಲ್ಲಿ ಮಣ್ಣು ವಿಜ್ಞಾನಿ ಜೆರ್ರಿ ಗ್ಲೋವರ್ ಇನ್ನೊಂದು ದಾರಿ ಹಿಡಿದರು. ನೆಟ್ಟಗೆ ನಿಲ್ಲಿಸಿದ ಉದ್ದುದ್ದ ಪೈಪುಗಳಲ್ಲಿ ಪ್ರೇರಿ ಗಿಡ ಬೆಳೆಸುವುದು, ಆಮೇಲೆ ಪೈಪು ಬಿಚ್ಚಿ ನೀರಿನಿಂದ ಮಣ್ಣು ತೊಳೆಯುವುದು. ಇದನ್ನು ಓದಿದಾಗ ನನಗೆ ನಮ್ಮ ಹಿತ್ತಲಿನ ಲಾವಂಚ ನೆನಪಾಯಿತು. ಹಳೆಯ ಡ್ರಮ್ಮಿನಲ್ಲಿ ಹಾಕಿದ್ದೆವು. ಮೂರನೇ ವರ್ಷ ಡ್ರಮ್ಮು ಬೋರಲು ಹಾಕಿದರೆ ಮಣ್ಣು ಉದುರಲೇ ಇಲ್ಲ. ಡ್ರಮ್ಮಿನ ಆಕಾರದ ಬೇರೇ ಆಚೆ ಬಂತು! ಗ್ಲೋವರ್ ಬೆಳೆಸಿದ ಗಿಡಗಳನ್ನು ಛಾಯಾಗ್ರಾಹಕ ಜಿಮ್ ರಿಚರ್ಡ್‌ಸನ್ ಆಳೆತ್ತರಕ್ಕೂ ಮೀರಿದ ಚಿತ್ರಗಳಾಗಿ ತೆಗೆದರು. 2015ರಲ್ಲಿ ವಾಷಿಂಗ್ಟನ್ನಿನ ಸಸ್ಯೋದ್ಯಾನದಲ್ಲಿ ಬೇರು ಮತ್ತು ಚಿತ್ರ ಎರಡನ್ನೂ ಪ್ರದರ್ಶನಕ್ಕೆ ಇಟ್ಟಿದ್ದರು. ಮೇಲೆ ಒಂದು ಹಿಡಿ ಹುಲ್ಲು, ಕೆಳಗೆ ಬಿಚ್ಚಿ ಹರಡಿದ ಉದ್ದ ಕೂದಲಿನಂಥ ಬೇರು.

ಎಲ್ಲಕ್ಕಿಂತ ಜಾಸ್ತಿ ಊರು ಸುತ್ತಿದ್ದು ಅಮೆರಿಕದ ಭೂದೃಶ್ಯ ವಿನ್ಯಾಸಕಿ ಹೈಡಿ ನಾಟುರಾ 1995ರಲ್ಲಿ ಬರೆದ ಒಂದು ಚಿತ್ರಪಟ. ಉದ್ಯಾನ ವಿನ್ಯಾಸ ಮಾಡುವವರ, ಮಳೆನೀರು ಇಂಗಿಸುವವರ ಕೈಪಿಡಿಗಳಲ್ಲಿ ಇಂದಿಗೂ ಅದು ಸಿಗುತ್ತದೆ. ಪ್ರೇರಿಯ ಗಿಡಗಳು ಸಾಲಾಗಿ ನಿಂತಿವೆ, ಬದಿಯಲ್ಲಿ ಅಡಿಯ ಅಳತೆ. ಕೆಲವು ಬೇರುಗಳು 15 ಅಡಿ ಗೆರೆಯ ಹತ್ತಿರ ಇಳಿದಿವೆ. ಎಡ ತುದಿಯಲ್ಲಿ ಮಾತ್ರ ಪ್ರೇರಿಯದಲ್ಲದ ಒಂದು ಹುಲ್ಲು, ಕೆಂಟಕಿ ಬ್ಲೂಗ್ರಾಸ್. ಹೆಸರಿನಲ್ಲಿ ಕೆಂಟಕಿ ಇದೆ, ಬಂದದ್ದು ಯೂರೋಪಿನಿಂದ. ಮನೆ ಮುಂದಿನ ಲಾನಿಗೆ ಅಮೆರಿಕದವರು ಹಾಕುವುದು ಇದನ್ನೇ. ಗೆರೆಯ ಕೆಳಗೆ ಚಿಗುರು ಮೀಸೆಯಷ್ಟು ಬೇರು. ಅದರ ಕೆಳಗೆ, ಹಾಳೆಯ ಕೊನೆಯವರೆಗೂ, ಏನೂ ಇಲ್ಲ.