ಟ್ಯಾಂಕ್ ದೊಡ್ಡದಾದ್ರೆ ಪ್ರೆಶರ್ ಬರಲ್ಲ, ಮೋಟ್ರು ನೀರು ಎಳೆಯೋದೂ ಇಲ್ಲ

"ಸಾರ್, ಮೇಲೆ 500 ಲೀಟರ್ ಟ್ಯಾಂಕ್ ಇದೆ, ತೆಗ್ದು 2000 ಲೀಟರ್‌ದು ಕೂರಿಸ್ಬಿಟ್ರೆ ಶವರಲ್ಲಿ ಪ್ರೆಶರ್ ಬರುತ್ತಲ್ವಾ?" ಪ್ಲಂಬಿಂಗ್ ಕೆಲಸಕ್ಕೆ ಇಳಿದು 20 ವರ್ಷದ ಮೇಲಾಯ್ತು, ಈ ಪ್ರಶ್ನೆ ಮಾತ್ರ ತಪ್ಪಿಲ್ಲ. ಬರಲ್ಲ ಸ್ವಾಮಿ. ಮೋಲ್ಡ್ ಮೇಲೆ ಒಂದೂವರೆ ಟನ್ ಭಾರ ಜಾಸ್ತಿ ಬೀಳುತ್ತೆ, ಅಷ್ಟೇ.

ನಲ್ಲಿ ಹತ್ರ ಎಷ್ಟು ಒತ್ತಡ ಇರುತ್ತೆ ಅನ್ನೋದು ಅಲ್ಲಿಂದ ಟ್ಯಾಂಕಲ್ಲಿರೋ ನೀರಿನ ಮಟ್ಟ ಎಷ್ಟು ಎತ್ತರದಲ್ಲಿದೆ ಅನ್ನೋದ್ರ ಮೇಲೆ ನಿಂತಿದೆ, ಟ್ಯಾಂಕಿನ ಅಗಲದ ಮೇಲಲ್ಲ. 10 ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ 1 ಕೆಜಿ, ಗೇಜ್ ಹಾಕಿದ್ರೆ ಮುಳ್ಳು ಅಲ್ಲೇ ನಿಲ್ಲುತ್ತೆ. ಮೇಲಿನ ಫ್ಲೋರಿನ ಶವರಿಗೂ ನೀರಿನ ಮಟ್ಟಕ್ಕೂ 6 ಅಡಿ ಕೂಡ ಇರಲ್ಲ, ಅಂದ್ರೆ 0.2 ಕೆಜಿ ಒಳಗೆ, ತಲೆ ಮೇಲೆ ಮಂಜು ಬಿದ್ದಂಗೆ ಬೀಳುತ್ತೆ. ಅದೇ ಮನೇಲಿ ಎರಡು ಫ್ಲೋರ್ ಕೆಳಗಿರೋ ಬಾಡಿಗೆಯವ್ರಿಗೆ 25 ಅಡಿ ಸಿಗುತ್ತೆ, ಹತ್ರ ಹತ್ರ 0.75 ಕೆಜಿ, ಓನರ್ ಹೊಟ್ಟೆ ಉರಿಯೋದು ಇಲ್ಲೇ.

ಹಾಗಾದ್ರೆ ಉಳಿದ ನೀರಿನ ತೂಕ ಎಲ್ಲಿ ಹೋಯ್ತು? ಅದನ್ನ ಟ್ಯಾಂಕಿನ ತಳ ಹೊತ್ಕೊಂಡಿದೆ. ಪೈಪಿನ ಬಾಯಿಗೆ ಬೀಳೋದು ಅದರ ನೇರ ಮೇಲಿರೋ ನೀರಿನ ಭಾರ ಮಾತ್ರ. ನಂಬಿಕೆ ಬರದಿದ್ರೆ ಗಾರೆ ಮೇಸ್ತ್ರಿ ಕೈಲಿರೋ ಲೆವೆಲ್ ಟ್ಯೂಬ್ ನೋಡಿ, ಆ ಪಾರದರ್ಶಕ ಪೈಪು ಮಧ್ಯದಲ್ಲಿ ಸುರುಳಿ ಸುತ್ತಿರಲಿ, ಜಲ್ಲಿ ರಾಶಿ ಹತ್ತಿ ಇಳಿದಿರಲಿ, ಎರಡು ತುದೀಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತೆ. ಒಳಗೆ ಗಾಳಿಗುಳ್ಳೆ ಸೇರ್ಕೊಂಡ್ರೆ ಮಾತ್ರ ಮಟ್ಟ ಸುಳ್ಳು ಹೇಳುತ್ತೆ, ಅದಕ್ಕೇ ಮೇಸ್ತ್ರಿ ಮೊದ್ಲು ಬೆರಳಲ್ಲಿ ತಟ್ಟಿ ತಟ್ಟಿ ಗುಳ್ಳೆ ಬಿಡಿಸೋದು. ಶವರಿಗೆ ಪರಿಹಾರ ಅಂದ್ರೆ ಸ್ಟ್ಯಾಂಡ್ ಎತ್ತರಿಸಿ ಇಲ್ಲಾ ಪ್ರೆಶರ್ ಪಂಪ್ ಹಾಕಿ. ಅರ್ಧ ಇಂಚಿನ ಪೈಪ್ ತೆಗ್ದು ಮುಕ್ಕಾಲು ಹಾಕಿದ್ರೆ ಉಜ್ಜಾಟದಲ್ಲಿ ಹೋಗೋ ಒತ್ತಡ ಉಳಿಯುತ್ತೆ, ಆದ್ರೆ ಇಲ್ಲದ ಎತ್ತರ ಅದರಿಂದ ಹುಟ್ಟಲ್ಲ.

ಇನ್ನು ಮೋಟ್ರ ವಿಷಯ. ಹಾಸನದ ಕಡೆ ಒಂದು ತೋಟ, ತೆರೆದ ಬಾವಿ, ಮೇಲೆ ಕಟ್ಟೆ ಮೇಲೆ 1 ಎಚ್‌ಪಿ ಮೋನೋಬ್ಲಾಕ್, ಅಂದ್ರೆ ಮೋಟ್ರು-ಪಂಪು ಒಂದೇ ಆಗಿರೋದು. ಬೇಸಿಗೇಲಿ ನೀರು ನಿಂತೋಯ್ತು ಅಂತ ಯಜಮಾನ್ರು 2 ಎಚ್‌ಪಿ ತಂದು ಹಾಕ್ಸಿದ್ರು, ಆಗ್ಲೂ ಬರ್ಲಿಲ್ಲ, ಆಮೇಲೆ ನನ್ನ ಕರೆದ್ರು. ನಾನು ಮೊದ್ಲು ಅನುಮಾನ ಪಟ್ಟಿದ್ದು ಪೈಪಿನ ಕೆಳತುದೀಲಿ ನೀರು ವಾಪಸ್ ಇಳಿಯದಂಗೆ ತಡೆಯೋ ಫುಟ್‌ವಾಲ್ವ್ ಮೇಲೆ, ಬಿಚ್ಚಿ ನೋಡಿ ಅರ್ಧ ದಿನ ಹಾಳು ಮಾಡ್ಕೊಂಡೆ, ವಾಲ್ವ್ ಚೆನ್ನಾಗೇ ಇತ್ತು. ಆಮೇಲೆ ಹಗ್ಗಕ್ಕೆ ಕಲ್ಲು ಕಟ್ಟಿ ಬಿಟ್ಟು ಅಳೆದ್ರೆ ನೀರು 35 ಅಡಿ ಕೆಳಗೆ!

ಮೇಲೆ ಕೂತ ಪಂಪು ನೀರನ್ನ ಎಳೆಯಲ್ಲ. ಅದು ಪೈಪೊಳಗಿನ ಒತ್ತಡ ಕಮ್ಮಿ ಮಾಡುತ್ತೆ, ಬಾವಿ ನೀರಿನ ಮೇಲೆ ಕೂತಿರೋ ಹೊರಗಿನ ಗಾಳಿ ನೀರನ್ನ ಒಳಕ್ಕೆ ತಳ್ಳುತ್ತೆ. ಆ ಗಾಳಿಗೂ ಒಂದು ಶಕ್ತಿ ಅಂತ ಇದೆ, ಮಂಗಳೂರಲ್ಲಾದ್ರೆ 34 ಅಡಿ ನೀರು ಎತ್ತೋವಷ್ಟು. ಹಾಸನ ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ಗಾಳಿ ತೆಳು, 30 ಅಡಿಗೆ ಮುಗೀತು. ಪೈಪು, ಬೆಂಡು, ವಾಲ್ವಿನ ಉಜ್ಜಾಟ ಕಳೆದ್ರೆ 20-22 ಅಡಿ ಗಟ್ಟಿ ಲೆಕ್ಕ. 10 ಎಚ್‌ಪಿ ಹಾಕಿದ್ರೂ ಈ ಗೆರೆ ದಾಟಲ್ಲ, ಪೂರ್ತಿ ಖಾಲಿ ಮಾಡಿದ್ಮೇಲೆ ಇನ್ನೂ ಖಾಲಿ ಮಾಡೋಕೆ ಏನಿದೆ?

ನಮ್ಮ ಕಸುಬಿನವ್ರಿಗೆ ಇದು ಹಳೇ ಸುದ್ದಿ. 1638ರಲ್ಲಿ ಅಚ್ಚಾದ ಗೆಲಿಲಿಯೋ ಪುಸ್ತಕದಲ್ಲಿ ಒಬ್ಬ ಪಂಪ್ ರಿಪೇರಿಯವ್ನು ಬರ್ತಾನೆ, ಪಂಪ್ ಸರಿ ಇದೆ, ನೀರೇ ಕೆಳಕ್ಕೆ ಹೋಗಿದೆ, 18 ಮೊಳದ (ಇಟಲಿ ಮೊಳ, ನಮ್ಮದಕ್ಕಿಂತ ಉದ್ದ) ಮೇಲೆ ಕೂದಲೆಳೆಯಷ್ಟೂ ಏರಲ್ಲ ಅಂತ ಖಡಾಖಂಡಿತ ಹೇಳ್ತಾನೆ. ಕಾರಣ ಗಾಳಿಯ ಭಾರ ಅಂತ ಪಾದರಸ ತುಂಬಿದ ಗಾಜಿನ ಕೊಳವೇಲಿ ತೋರಿಸಿಕೊಟ್ಟಿದ್ದು ಗೆಲಿಲಿಯೋ ಶಿಷ್ಯ ಟಾರಿಸೆಲ್ಲಿ, ಪಾದರಸ 76 ಸೆಂಟಿಮೀಟರಿಗೆ ನಿಂತ್ಕೊಳ್ತು. ಪಾದರಸ ನೀರಿಗಿಂತ 13.6 ಪಟ್ಟು ಭಾರ, ಗುಣಿಸಿ ನೋಡಿ, ಅದೇ 34 ಅಡಿ. ಬೋರ್‌ವೆಲ್ ಸಬ್‌ಮರ್ಸಿಬಲ್ ನೂರಾರು ಅಡಿ ಎತ್ತುತ್ತಲ್ಲಾ ಅಂದ್ರೆ, ಅದು ನೀರೊಳಗೇ ಕೂತು ಕೆಳಗಿಂದ ತಳ್ಳುತ್ತೆ, ಗಾಳಿ ಹಂಗಿಲ್ಲ.

ಯಜಮಾನ್ರಿಗೆ ಇಷ್ಟೂ ಹೇಳಿದ್ಮೇಲೆ ಅವ್ರು ಕೇಳಿದ್ದು, "ಅಂಗಾದ್ರೆ ಎಳನೀರು ನಾನು ಹೀರ್ತಿಲ್ವೇನಯ್ಯಾ, ಗಾಳಿ ನಂಗೆ ಕುಡಿಸ್ತೈತಾ?" ಹೌದು ಯಜಮಾನ್ರೇ ಅಂದೆ. ಬಾವಿ ಒಳಗೆ 18 ಅಡಿ ಕೆಳಗೆ ಕಲ್ಲಿನ ಮೆಟ್ಲು ಅಗಲವಾಗಿತ್ತು, ಅಲ್ಲಿ ಆಂಗಲ್ ಕೂರಿಸಿ ಹಳೇ 1 ಎಚ್‌ಪಿನೇ ಇಳಿಸಿ ಪೈಪಿಗೂ ಪಂಪಿಗೂ ನೀರು ತುಂಬಿ ಪ್ರೈಮಿಂಗ್ ಮಾಡಿ ಸ್ವಿಚ್ ಹಾಕಿದ್ವಿ. ಅರ್ಧ ನಿಮಿಷಕ್ಕೆ ಡೆಲಿವರಿ ಪೈಪಲ್ಲಿ ನೀರು ಬಂತು. 2 ಎಚ್‌ಪಿ ಮೋಟ್ರು ಈಗ್ಲೂ ಅವ್ರ ಕೊಟ್ಟಿಗೇಲಿ ಗೋಣಿಚೀಲ ಹೊದ್ಕೊಂಡು ಕೂತಿದೆ.