ಪಿಕ್ಸೆಲ್ ಯಾಕೆ ಚೌಕವೇ ಆಯ್ತು?

ತೀರ್ಥಹಳ್ಳಿ ಕಡೆ ಅಡಿಕೆ ಸಸಿಗಳನ್ನು 9 ಅಡಿ ಅಂತರದಲ್ಲಿ ಚೌಕವಾಗಿ ನೆಟ್ಟರೆ ಎಕರೆಗೆ ಲೆಕ್ಕದ ಪ್ರಕಾರ 538 ಹಿಡಿಯುತ್ತವೆ. ಪಕ್ಕದ ಸಾಲನ್ನು ಅರ್ಧ ಅಂತರ ಸರಿಸಿ ನೆಟ್ಟರೆ, ಅದೇ 9 ಅಡಿ ಉಳಿಸಿಕೊಂಡೇ 620ರ ಆಸುಪಾಸು. ಆಗ ಪ್ರತಿ ಗಿಡದ ಸುತ್ತ ಆರು ಗಿಡ, ಎಲ್ಲವೂ ಒಂದೇ ದೂರ. ಚೌಕದಲ್ಲಾದರೆ ಮೂಲೆಯ ಗಿಡಗಳು ಹೆಚ್ಚುಕಡಿಮೆ 12.7 ಅಡಿ ಆಚೆ ಇರುತ್ತವೆ.

ಫೋಟೊ ಕಟ್ಟುವ ಪುಟ್ಟ ಚುಕ್ಕಿಗಳಾದ ಪಿಕ್ಸೆಲ್‌ಗಳಿಗೂ ಇದೇ ಲೆಕ್ಕ. ಆದರೂ ಅಲ್ಲಿ ಗೆದ್ದಿದ್ದು ಚೌಕ. 1957ರಲ್ಲಿ ಅಮೆರಿಕದ ಕಂಪ್ಯೂಟರ್ ಎಂಜಿನಿಯರ್ ರಸೆಲ್ ಕಿರ್ಶ್ ತಮ್ಮ ಪುಟ್ಟ ಮಗನ ಫೋಟೊವನ್ನು ಕಂಪ್ಯೂಟರಿಗೆ ಸ್ಕ್ಯಾನ್ ಮಾಡಿದರು. ಅಗಲ 176 ಚೌಕ, ಎತ್ತರ 176 ಚೌಕ. ಅಡ್ಡಸಾಲು, ಉದ್ದಸಾಲು ಎಂದು ಎರಡು ನಂಬರ್ ಕೊಟ್ಟರೆ ಯಾವ ಚುಕ್ಕಿಯಾದರೂ ಸಿಕ್ಕಿಬಿಡುತ್ತದೆ. ಸಲೀಸು ಅಲ್ವಾ? ಬಹಳ ವರ್ಷದ ಮೇಲೆ ಕಿರ್ಶ್ ಅವರೇ ಚೌಕ ಆರಿಸಿದ್ದು ಬುದ್ಧಿಗೇಡಿತನ ಎಂದರು.

ಸಂಶೋಧಕರು ಸುಮ್ನೆ ಕೂತಿರಲಿಲ್ಲ. 1962ರಲ್ಲಿ ಪೀಟರ್ಸನ್ ಮತ್ತು ಮಿಡಲ್ಟನ್ ಸಾಲು ಸರಿಸಿ ನೆಟ್ಟಂತೆ ಜೋಡಿಸಿದ ಆರು ಮೂಲೆಯ ಜಾಲರಿಯ ಲಾಭಕ್ಕೆ ಗಣಿತದ ಬುನಾದಿ ಹಾಕಿದರು. 1969ರಲ್ಲಿ ಗೊಲೆ ಅದರ ಮೇಲೆ ಆಕಾರ ಗುರುತಿಸುವ ವಿಧಾನ ಬರೆದರು. 1979ರಲ್ಲಿ ಮರ್ಸೆರೋ ಲೆಕ್ಕ ಕೊಟ್ಟರು: ಎಲ್ಲ ದಿಕ್ಕಿಗೂ ಒಂದೇ ಸಮ ವಿವರ ಇರುವ ಚಿತ್ರಕ್ಕೆ ಚೌಕಕ್ಕಿಂತ 13.4% ಕಡಿಮೆ ಚುಕ್ಕಿ ಸಾಕು.

ನನಗೆ ಇದಕ್ಕಿಂತ ದೊಡ್ಡ ಲಾಭ ಅನ್ನಿಸುವುದು ಬೇರೆ. ಎಲೆಚುಕ್ಕಿ ರೋಗ ಬಂದ ಅಡಿಕೆ ಸೋಗೆಯ ಫೋಟೊ ತಗೊಳ್ಳಿ. ಎರಡು ಕಪ್ಪು ಪಿಕ್ಸೆಲ್ ಬರೀ ಮೂಲೆಯಲ್ಲಿ ತಾಗಿವೆ. ಅದು ಒಂದು ಚುಕ್ಕಿಯೋ, ಎರಡೋ? ಚೌಕದಲ್ಲಿ ಇದಕ್ಕೆ ನಾವೇ ಒಂದು ನಿಯಮ ಮಾಡಿಕೊಳ್ಳಬೇಕು. ನಿಯಮ ಬದಲಾದರೆ ಎಣಿಕೆಯೂ ಬದಲು. ಆರು ಮೂಲೆಯವು ತಾಗಿದರೆ ಅಂಚಿಗೆ ಅಂಚು ತಾಗುತ್ತವೆ, ಈ ಜಗಳವೇ ಇಲ್ಲ.

ಹಾಗಂತ ಮೊಬೈಲ್ ಫೋಟೊವನ್ನು ಆರು ಮೂಲೆಗೆ ಬದಲಿಸಿದರೆ ಆ 13.4% ಉಳಿತಾಯ ಬರುವುದಿಲ್ಲ. ಮೊಬೈಲಿನೊಳಗೆ ಬೆಳಕು ಅಳೆಯುವ ಸೆನ್ಸರ್ ಆಗಲೇ ಚೌಕವಾಗಿ ಅಳೆದಾಗಿದೆ. ಹೊಸ ಚುಕ್ಕಿಗಳ ಬಣ್ಣವನ್ನು ಅಕ್ಕಪಕ್ಕದವುಗಳಿಂದ ಅಂದಾಜು ಮಾಡಬೇಕು, ಚಿತ್ರ ಸ್ವಲ್ಪ ಮಸುಕಾಗುತ್ತದೆ. ಪ್ರಾಜೆಕ್ಟಿಗೆ ಈ ವಿಷಯ ಹಿಡಿಯುವ ಶಿವಮೊಗ್ಗದ ಎಂಜಿನಿಯರಿಂಗ್ ಹುಡುಗರು ಇದನ್ನು ಮೊದಲೇ ಯೋಚಿಸಿದರೆ ಒಳ್ಳೆಯದು.

ಆರು ಮೂಲೆ ನಿಜಕ್ಕೂ ಬದುಕಿರುವುದು ನಮೀಬಿಯಾದ ಹೆಸ್‌ನಂಥ ಗಾಮಾ ಕಿರಣದ ದೂರದರ್ಶಕಗಳಲ್ಲಿ. ಅವುಗಳ ಕ್ಯಾಮೆರಾ ಪಿಕ್ಸೆಲ್‌ಗಳೇ ಹಾಗೆ ಜೋಡಿಸಿದವು. ತಮಾಷೆ ನೋಡಿ, ಈಗ ಎಐ ತಂತ್ರಾಂಶಗಳು ಚೌಕವನ್ನೇ ಕೇಳುವುದರಿಂದ, ಆ ಚಿತ್ರಗಳನ್ನೂ ಎಷ್ಟೋ ಸಲ ಚೌಕಕ್ಕೆ ತಿರುಗಿಸಿ ಕೊಡುತ್ತಾರೆ.